ರಾತ್ರಿಯ ನೀರು ಸರದಿಗೆ ತಕ್ಕ ಎಲ್‌ಇಡಿ ಟಾರ್ಚು

ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ವಿದ್ಯುತ್ತು ಪಾಳಿಯ ಮೇಲೆ ದೊರೆಯುವ ಪ್ರದೇಶಗಳಲ್ಲಿ, ಪಾಳಿ ರಾತ್ರಿಯದಾದ ವಾರ ರೈತನು ಕತ್ತಲಲ್ಲಿಯೇ ಹೊಲಕ್ಕೆ ಹೋಗಬೇಕಾಗುತ್ತದೆ. ತುಂಗಭದ್ರಾ, ಭದ್ರಾ ಅಚ್ಚುಕಟ್ಟುಗಳಲ್ಲಿ ಕಾಲುವೆ ನೀರಿನ ಸರದಿಯೂ ಹಗಲು ನೋಡಿ ಬರುವುದಿಲ್ಲ. ಮಲೆನಾಡಿನಲ್ಲಂತೂ ಮಳೆಗಾಲದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಮನೆಯಲ್ಲಿ ದೀಪವಿರುವುದಿಲ್ಲ. ಇಂತಹ ಕಡೆಗಳಲ್ಲಿ ಟಾರ್ಚು ಗುದ್ದಲಿ, ಕುಡುಗೋಲುಗಳಷ್ಟೇ ಅವಶ್ಯಕವಾದ ಉಪಕರಣ. ಆದರೆ ಗುದ್ದಲಿ ಕೊಳ್ಳುವಾಗ ಕಾವನ್ನು ಹಿಡಿದು, ಅಲಗನ್ನು ಬಡಿದು ನೋಡುವ ರೈತನು ಟಾರ್ಚನ್ನು ಮಾತ್ರ ಸಂತೆಯಲ್ಲಿ ಡಬ್ಬಿಯ ಮೇಲಿನ ಚಿತ್ರ ನೋಡಿ ತರುವುದುಂಟು.

ಇದರಲ್ಲಿ ಹಣಕ್ಕಿಂತ ದೊಡ್ಡ ವಿಷಯವಿದೆ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ. ಇದು ವರ್ಷಕ್ಕೆ ಸರಾಸರಿ 58,000. ಇವುಗಳಲ್ಲಿ ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಂಭವಿಸಿದವು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳಕುಮಂಡಲವು ಹೊಲದ ಬದುವಿನಲ್ಲಿ ಅಲುಗದೆ ಮಲಗಿ, ತುಳಿದವನ ಕಾಲಿಗೆ ಕಚ್ಚುತ್ತದೆ. ಕಟ್ಟುಹಾವು ರಾತ್ರಿಯೇ ಸಂಚರಿಸುವ ಪ್ರಾಣಿ; ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಅಷ್ಟಾಗಿ ತಿಳಿಯುವುದಿಲ್ಲ. ಆದುದರಿಂದ ಟಾರ್ಚಿನ ಮೊದಲ ಕೆಲಸ ದೂರದ ಮರದ ತುದಿಯನ್ನು ತೋರಿಸುವುದಲ್ಲ, ಮುಂದಿನ ನಾಲ್ಕು ಹೆಜ್ಜೆಯ ನೆಲವನ್ನು ತೋರಿಸುವುದು.

ಮೊಬೈಲ್ ಫೋನಿನ ದೀಪವೇ ಸಾಕೆಂಬ ಅಭಿಪ್ರಾಯ ಈಗ ಬಹಳವಾಗಿದೆ. ಮನೆಯೊಳಗೆ ಚಿಲಕ ಹುಡುಕಲು ಅದು ಸಾಕು. ಹೊಲದಲ್ಲಿ ಅದರ ಬೆಳಕು ಚದರಿಹೋಗಿ ಕೆಲವೇ ಅಡಿಗಳಲ್ಲಿ ಮಂಕಾಗುತ್ತದೆ. ಕೈ ಜಾರಿ ಕಾಲುವೆಗೆ ಬಿದ್ದರೆ ದೀಪವೂ ಇಲ್ಲ, ಫೋನೂ ಇಲ್ಲ. ಅಪಾಯ ಒದಗಿದಾಗ 108ಕ್ಕೆ ಕರೆ ಮಾಡಬೇಕಾದ ಫೋನಿನ ಚಾರ್ಜನ್ನು ಬೆಳಕಿಗಾಗಿ ಖರ್ಚು ಮಾಡುವುದು ಸರಿಯಲ್ಲ.

ಹಳೆಯ ಟಾರ್ಚಿಗೂ ಹೊಸದಕ್ಕೂ ವ್ಯತ್ಯಾಸ

ಎರಡು ದಪ್ಪ ಸೆಲ್ಲುಗಳ ಹಳೆಯ ಟಾರ್ಚಿನಲ್ಲಿ ಸಣ್ಣ ತಂತಿಯೊಂದು ಕಾದು ಬೆಳಗುತ್ತಿತ್ತು. ಸೆಲ್ಲಿನ ಶಕ್ತಿಯ ಬಹುಪಾಲು ಕಾವಾಗಿ ಹೋಗಿ, ಬೆಳಕಾಗಿ ಹೊರಬರುತ್ತಿದ್ದುದು ಸುಮಾರು 10 ಲೂಮೆನ್ ಮಾತ್ರ. (ಲೂಮೆನ್ ಎಂದರೆ ದೀಪದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ.) ಎಲ್‌ಇಡಿಯಲ್ಲಿ ಕಾಯುವ ತಂತಿಯಿಲ್ಲ. ನೀಲಿ ಬೆಳಕು ಕೊಡುವ ಅರೆವಾಹಕದ ಹರಳಿನ ಮೇಲೆ ಹಳದಿ ಪುಡಿಯ ಲೇಪವಿದ್ದು, ಎರಡೂ ಬೆರೆತು ಬಿಳಿ ಬೆಳಕಾಗುತ್ತದೆ. ಈ ನೀಲಿ ಎಲ್‌ಇಡಿಯನ್ನು ಸಾಧಿಸಿದ ಜಪಾನೀ ಮೂಲದ ಮೂವರು ವಿಜ್ಞಾನಿಗಳಾದ ಅಕಸಾಕಿ, ಅಮಾನೊ ಮತ್ತು ನಾಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ಒಂದು ವಾಟ್ ವಿದ್ಯುತ್ತಿಗೆ ಹಳೆಯ ಬಲ್ಬು 10 ಲೂಮೆನ್ನಿನಷ್ಟು ಕೊಟ್ಟರೆ, ಉತ್ತಮ ಎಲ್‌ಇಡಿ 100 ಲೂಮೆನ್ನಿಗೂ ಹೆಚ್ಚು ಕೊಡುತ್ತದೆ. ಕೆಳಗೆ ಬಿದ್ದರೆ ತುಂಡಾಗುವ ತಂತಿಯೂ ಇದರಲ್ಲಿಲ್ಲ.

ಎಷ್ಟು ಬೆಳಕು ಬೇಕು?

ಬದುವಿನ ಮೇಲೆ ನಡೆಯಲು 50 ಲೂಮೆನ್ ಸಾಕು. 100 ಇದ್ದರೆ ಧಾರಾಳ. ಹೊಲದ ಆಚೆ ಬದಿಯಲ್ಲಿ ಕಟ್ಟೆ ಒಡೆದಿದೆಯೇ, ಹಂದಿ ನುಗ್ಗಿದೆಯೇ ಎಂದು ನಿಂತಲ್ಲಿಂದಲೇ ನೋಡಲು 300 ಲೂಮೆನ್ನಿನ ಒಂದು ಹಂತವಿದ್ದರೆ ಒಳ್ಳೆಯದು. ಅದಕ್ಕಿಂತ ಹೆಚ್ಚಿನದಕ್ಕೆ ಹಣ ಕೊಡಬೇಕಾದ ಸಂದರ್ಭ ಸಾಮಾನ್ಯ ರೈತನಿಗೆ ಬರುವುದು ಕಡಿಮೆ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಸಮಯ ಹಿಡಿಯುತ್ತದೆ. ಕಣ್ಣು ಕೋರೈಸುವ ಟಾರ್ಚನ್ನು ಒಮ್ಮೆ ಹತ್ತಿಸಿ ಆರಿಸಿದರೆ ಆ ಹೊಂದಾಣಿಕೆ ಕೆಟ್ಟು, ಮುಂದಿನ ಕೆಲವು ನಿಮಿಷ ಏನೂ ಕಾಣದಂತಾಗುತ್ತದೆ.

ಡಬ್ಬಿಯ ಮೇಲೆ ‘800 ಮೀಟರ್’ ಎಂದು ಬರೆದಿರುವುದನ್ನು ಓದುವ ಕ್ರಮವೂ ತಿಳಿದಿರಬೇಕು. 2009ರಲ್ಲಿ ಅಮೆರಿಕದಲ್ಲಿ ಹೊರಬಂದ ಎಫ್‌ಎಲ್-1 ಎಂಬ ಮಾನಕದ ಪ್ರಕಾರ, ಟಾರ್ಚಿನ ಬೆಳಕು ಹುಣ್ಣಿಮೆಯ ಬೆಳಕಿನಷ್ಟಕ್ಕೆ (ಕಾಲು ಲಕ್ಸ್) ಇಳಿಯುವ ದೂರವೇ ಅದರ ‘ದೂರ’. ಅಷ್ಟು ಬೆಳಕಿನಲ್ಲಿ ಎತ್ತು ನಿಂತಿದೆಯೆಂದು ಗೊತ್ತಾದೀತು, ಹಗ್ಗ ಬಿದ್ದಿದೆಯೋ ಹಾವು ಬಿದ್ದಿದೆಯೋ ಗೊತ್ತಾಗದು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಬರೆದ ದೂರದ ಅರ್ಧವನ್ನೋ ಮೂರನೆಯ ಒಂದನ್ನೋ ಉಪಯೋಗದ ದೂರವೆಂದು ಎಣಿಸುವುದು ಲೇಸು. ಅದೇ ಮಾನಕದಲ್ಲಿ ‘10 ಗಂಟೆ’ ಎಂಬುದಕ್ಕೆ ಬೆಳಕು ಮೊದಲಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗಿನ ಕಾಲ ಎಂದರ್ಥ. ಹತ್ತೂ ಗಂಟೆ ಒಂದೇ ಸಮನೆ ಬೆಳಗುತ್ತದೆಂದು ಅದು ಹೇಳುವುದಿಲ್ಲ. ಯಾವ ಮಾನಕದ ಹೆಸರೂ ಇಲ್ಲದ ಅಂಕಿಗಳನ್ನಂತೂ ನಂಬಬೇಕಾದ್ದಿಲ್ಲ.

ಬೆಳಕಿನ ಪ್ರಮಾಣಕ್ಕಿಂತ ಅದರ ಹರವು ಮುಖ್ಯ. ಅಂಗಡಿಯಲ್ಲಿ ಟಾರ್ಚನ್ನು ಗೋಡೆಯ ಮೇಲೆ ಬಿಟ್ಟು ನೋಡಬೇಕು. ನಡುವೆ ಬಿಳಿ ಬಿಲ್ಲೆ, ಸುತ್ತ ಬರೀ ಕತ್ತಲೆಯಿದ್ದರೆ ಅದು ನಡಿಗೆಗೆ ತಕ್ಕದ್ದಲ್ಲ. ಕಾಲ ಬಳಿಯ ಹುಲ್ಲು ಕಾಣದೇ ಹೋಗುತ್ತದೆ. ನಡುವಿನ ಬೆಳಕಿನ ಸುತ್ತ ಅಗಲವಾದ ಮಂದ ಬೆಳಕು ಚೆಲ್ಲಿರಬೇಕು. ಮುಂಭಾಗವನ್ನು ಎಳೆದು ಬೆಳಕನ್ನು ಕಿರಿದು ಮಾಡುವ ‘ಝೂಮ್’ ಟಾರ್ಚುಗಳು ನೋಡಲು ಚೆಂದ. ಆದರೆ ಕಿರಿದು ಮಾಡಿದಾಗ ಬೆಳಕಿನ ಬಹುಭಾಗ ಒಳಗೇ ವ್ಯರ್ಥವಾಗುತ್ತದೆ, ಜಾರುವ ಭಾಗದ ಸಂದಿನಿಂದ ನೀರೂ ಇಳಿಯುತ್ತದೆ. ಬೆಳಕಿನ ಬಣ್ಣ ತೀರ ನೀಲಿಯಾಗಿದ್ದರೆ ಕಂದು, ಕೆಂಪು ಬಣ್ಣಗಳು ಮಾಸಿದಂತೆ ಕಾಣುತ್ತವೆ. ತರಗೆಲೆಯ ಮೇಲಿನ ಕೊಳಕುಮಂಡಲವನ್ನು ಗುರುತಿಸಬೇಕಾದವರಿಗೆ ಸ್ವಲ್ಪ ಹಳದಿ ಬೆರೆತ ಬಿಳಿ ಬೆಳಕು ವಾಸಿ.

ತಲೆಗೆ ಕಟ್ಟುವ ದೀಪದಿಂದ ಎರಡೂ ಕೈ ಬಿಡುವಾಗುತ್ತವೆ. ಹಸು ಈಯುವಾಗ, ಮಡೆ ತಿರುಗಿಸುವಾಗ ಇದಕ್ಕಿಂತ ಅನುಕೂಲದ ದೀಪ ಬೇರೆಯಿಲ್ಲ. ಆದರೆ ನಡಿಗೆಗೆ ಕೈಟಾರ್ಚೇ ಮೇಲು. ಕಣ್ಣಿನ ಪಕ್ಕದಿಂದಲೇ ಬೀಳುವ ಬೆಳಕಿನಲ್ಲಿ ವಸ್ತುಗಳ ನೆರಳು ಅವುಗಳ ಹಿಂದೆಯೇ ಅಡಗಿ, ನೆಲವೆಲ್ಲ ಚಪ್ಪಟೆಯಾಗಿ ತೋರುತ್ತದೆ. ಸೊಂಟದ ಮಟ್ಟದಲ್ಲಿ ಹಿಡಿದ ಟಾರ್ಚಿನಿಂದ ಉಬ್ಬು, ತಗ್ಗು, ಕೋಲು, ಹಾವು ಎಲ್ಲಕ್ಕೂ ಉದ್ದನೆಯ ನೆರಳು ಬಿದ್ದು ಬೇಗ ಕಣ್ಣಿಗೆ ಬೀಳುತ್ತವೆ. ಮಂಜು ಮತ್ತು ತುಂತುರು ಮಳೆಯಲ್ಲಿಯೂ ತಲೆಯ ದೀಪ ಕಣ್ಣೆದುರಿನ ಹನಿಗಳನ್ನೇ ಬೆಳಗಿಸಿ ಬಿಳಿ ಪರದೆ ಕಟ್ಟುತ್ತದೆ.

ಸೆಲ್ಲುಗಳ ವಿಷಯ

ಹಳ್ಳಿಗಳಲ್ಲಿ ಟಾರ್ಚನ್ನೇ ಬ್ಯಾಟರಿಯೆಂದು ಕರೆಯುವುದು ಸುಳ್ಳಲ್ಲ. ಟಾರ್ಚಿನ ಆಯುಷ್ಯವೆಲ್ಲ ಅದರಲ್ಲಿಯೇ ಇದೆ. ಈಗ ಹೆಚ್ಚು ಬಳಕೆಯಲ್ಲಿರುವುದು ಲೀಥಿಯಂ-ಅಯಾನ್ ಸೆಲ್ಲು. 18650 ಎಂಬ ಮಾದರಿಯ ಹೆಸರಿನಲ್ಲಿಯೇ ಅದರ ಅಳತೆ ಅಡಗಿದೆ: 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಇಷ್ಟು ಗಾತ್ರದಲ್ಲಿ ಪ್ರಾಮಾಣಿಕವಾದ ಸೆಲ್ಲು ಸಾಮಾನ್ಯವಾಗಿ 2,500ರಿಂದ 3,500 ಮಿಲಿಆಂಪ್-ಗಂಟೆಯಷ್ಟು ವಿದ್ಯುತ್ತನ್ನು ಹಿಡಿಯುತ್ತದೆ. ಇದೇ ಗಾತ್ರದ ಸೆಲ್ಲಿನ ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳು; ಅಂತಹ ಟಾರ್ಚಿನ ಉಳಿದ ಅಂಕಿಗಳನ್ನೂ ಹಾಗೆಯೇ ತಿಳಿಯಬೇಕು. ಲೆಕ್ಕ ಸುಲಭ. 2,500 ಮಿಲಿಆಂಪ್-ಗಂಟೆಯನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 9.25 ವಾಟ್-ಗಂಟೆ. 100 ಲೂಮೆನ್ನಿಗೆ ಒಂದು ವಾಟ್ ಖರ್ಚೆಂದು ಹಿಡಿದು ಒಳಗಿನ ನಷ್ಟವನ್ನು ಕಳೆದರೂ 7-8 ಗಂಟೆ ಬೆಳಕು. ರಾತ್ರಿಯ ಒಂದು ಪಾಳಿಗೆ ಇದು ಸಾಕು.

ಸಂತೆಯಲ್ಲಿ ಅಗ್ಗಕ್ಕೆ ದೊರೆಯುವ ಭಾರದ ಟಾರ್ಚುಗಳಲ್ಲಿ 4 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ದಿನವೂ ಬಳಸಿ ದಿನವೂ ಚಾರ್ಜು ಮಾಡುವವರಿಗೆ ಅದೇನೂ ಕೆಟ್ಟದ್ದಲ್ಲ. ಆದರೆ ಖಾಲಿಯಾದುದನ್ನು ಒಂದೆರಡು ತಿಂಗಳು ಹಾಗೆಯೇ ಮೂಲೆಯಲ್ಲಿಟ್ಟರೆ ಸೀಸದ ಹಲಗೆಗಳ ಮೇಲೆ ಸಲ್ಫೇಟು ಗಟ್ಟಿಯಾಗಿ, ಮತ್ತೆ ಚಾರ್ಜು ಹಿಡಿಯದಂತಾಗುತ್ತದೆ. ತುರ್ತಿಗೆಂದು ಎತ್ತಿಡುವ ಟಾರ್ಚು ಈ ಜಾತಿಯದಾಗಿರಬಾರದು.

ಈ ಟಾರ್ಚುಗಳಲ್ಲಿ ಇನ್ನೊಂದು ಅಪಾಯವುಂಟು. ಹಿಂಬದಿಯಲ್ಲಿ ಎರಡು ಪಿನ್ನುಗಳಿದ್ದು ನೇರವಾಗಿ 230 ವೋಲ್ಟಿನ ಸಾಕೆಟ್ಟಿಗೆ ಚುಚ್ಚುವ ಎಷ್ಟೋ ಅಗ್ಗದ ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕೆಪಾಸಿಟರ್ ಒಂದರ ಮೂಲಕವೇ ಚಾರ್ಜು ಆಗುತ್ತದೆ. ಹಾಗಾಗಿ ಒಳಗಿನ ಭಾಗಗಳೆಲ್ಲ ಮನೆಯ ಮೇನ್ ಲೈನಿಗೆ ನೇರವಾಗಿ ಕೂಡಿರುತ್ತವೆ. ಒಡಲು ಬಿರುಕು ಬಿಟ್ಟಿದ್ದರೆ, ಒದ್ದೆ ಕೈಯಿಂದ ಸ್ವಿಚ್ಚು ಒತ್ತಿದರೆ ಶಾಕ್ ತಗಲಿ ಜೀವಕ್ಕೇ ಎರವಾಗಬಹುದು. ಚಾರ್ಜಿಗೆ ಹಾಕಿದ ಇಂತಹ ಟಾರ್ಚನ್ನು ಮಕ್ಕಳ ಕೈಗೆ ಎಟುಕದಂತಿಡಬೇಕು, ಸಾಕೆಟ್ಟಿನಿಂದ ತೆಗೆಯುವ ಮುನ್ನ ಸ್ವಿಚ್ಚು ಆರಿಸಬೇಕು, ಬಿರುಕು ಬಿಟ್ಟುದನ್ನು ಅಂಟಿಸಿ ಬಳಸಕೂಡದು. ಹೊಸದಾಗಿ ಕೊಳ್ಳುವವರು ಮೊಬೈಲಿನ 5 ವೋಲ್ಟ್ ಚಾರ್ಜರಿನಿಂದಲೇ ಚಾರ್ಜು ಆಗುವಂತಹುದನ್ನು ಆರಿಸಬೇಕು. ಕರೆಂಟಿಲ್ಲದಾಗ ಪವರ್ ಬ್ಯಾಂಕಿನಿಂದಲೂ ಚಾರ್ಜು ಮಾಡಿಕೊಳ್ಳಬಹುದೆಂಬುದು ಇದರ ಇನ್ನೊಂದು ಅನುಕೂಲ. ಲೀಥಿಯಂ ಬ್ಯಾಟರಿಯ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇವೆಯೇ ಎಂದು ನೋಡಬೇಕು.

ದಿನಗಟ್ಟಲೆ ವಿದ್ಯುತ್ತಿಲ್ಲದ ಊರುಗಳಲ್ಲಿ ಚಾರ್ಜಿನ ಟಾರ್ಚೊಂದನ್ನೇ ನೆಚ್ಚಿಕೊಳ್ಳುವುದು ತಪ್ಪು. ಸೋಲಾರ್ ದೀಪವೂ ಆಷಾಢದ ಮೋಡದಲ್ಲಿ ಅರೆಹೊಟ್ಟೆಯಲ್ಲಿಯೇ ಇರುತ್ತದೆ. ಅಂತಹ ಮನೆಗಳಲ್ಲಿ ನಿತ್ಯದ ಬಳಕೆಗೆ ಒಂದು ಚಾರ್ಜಿನ ಟಾರ್ಚು, ಜೊತೆಗೆ ಗೂಡಂಗಡಿಯಲ್ಲಿಯೂ ಸಿಗುವ ಪೆನ್ಸಿಲ್ ಸೆಲ್ಲಿನ ಒಂದು ಸಣ್ಣ ಟಾರ್ಚು, ಹೀಗೆ ಎರಡಿರಬೇಕು. ಒಂದೇ ದೊಡ್ಡ ಟಾರ್ಚಿಗೆ ಕೊಡುವ ಹಣದಲ್ಲಿ ಸಾಧಾರಣವಾದ ಎರಡು ಬಂದರೆ ಎರಡನ್ನೇ ಕೊಳ್ಳುವುದು ಜಾಣತನ. ಪೆನ್ಸಿಲ್ ಸೆಲ್ಲುಗಳನ್ನು ಟಾರ್ಚಿನೊಳಗೆ ತಿಂಗಳುಗಟ್ಟಲೆ ಬಿಡಬಾರದು. ಸೋರಿ ಸ್ಪ್ರಿಂಗನ್ನು ತಿಂದುಹಾಕುತ್ತವೆ. ಹೊರಗೆ ತೆಗೆದು, ಟಾರ್ಚಿಗೇ ರಬ್ಬರ್ ಬ್ಯಾಂಡಿನಿಂದ ಕಟ್ಟಿಟ್ಟರೆ ಕತ್ತಲಲ್ಲಿ ಹುಡುಕಬೇಕಾಗುವುದಿಲ್ಲ. ಹಳೆಯ, ಹೊಸ ಸೆಲ್ಲುಗಳನ್ನು ಬೆರೆಸಿ ಹಾಕಬಾರದು.

ಒಡಲು ಮತ್ತು ಸ್ವಿಚ್ಚು

ಐಪಿಎಕ್ಸ್-4 ಎಂಬ ಗುರುತಿದ್ದರೆ ಎಲ್ಲ ದಿಕ್ಕಿನಿಂದ ಸಿಡಿಯುವ ನೀರನ್ನು ಟಾರ್ಚು ತಡೆಯುತ್ತದೆ. ಮಳೆಗೆ ಇದು ಸಾಕು. ಕಾಲುವೆಯ ಕೆಲಸಕ್ಕೆ ಐಪಿಎಕ್ಸ್-7 ಬೇಕು. ಇದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುವ ಗುರುತು. ಮುಚ್ಚಳದ ಎಳೆಯಲ್ಲಿ ರಬ್ಬರಿನ ಉಂಗುರ ಇದೆಯೇ ಎಂದು ತಿರುಗಿಸಿ ನೋಡಿದರೆ ಅಂಗಡಿಯವನ ಮಾತು ಎಷ್ಟು ನಿಜವೆಂದು ತಿಳಿಯುತ್ತದೆ. ಸ್ವಿಚ್ಚು ಒಂದೇ ಇದ್ದು, ಕೆಸರು ಕೈಯಲ್ಲಿಯೂ ಸಿಗುವಂತಿರಬೇಕು. ಪ್ರತಿ ಸಲ ಒತ್ತಿದಾಗ ಜೋರು, ಮಂದ, ಮಿಣಕು ಎಂದು ಐದಾರು ಬಗೆಯನ್ನು ಸುತ್ತಿ ಬರುವ ಟಾರ್ಚು ಗಾಬರಿಯ ಹೊತ್ತಿನಲ್ಲಿ ಕೈಕೊಡುತ್ತದೆ.

ಎಂತಹ ಟಾರ್ಚಿದ್ದರೂ ಗಂಬೂಟು, ಕೈಯಲ್ಲಿ ಕೋಲು ಬಿಡಬಾರದು. ರಬ್ಬರ್ ಹೊದಿಕೆಯ ಟಾರ್ಚು ಹಿಡಿದ ಮಾತ್ರಕ್ಕೆ ಸ್ಟಾರ್ಟರ್ ಪೆಟ್ಟಿಗೆಯ ಕೆಲಸ ಸುರಕ್ಷಿತವಾಗುವುದಿಲ್ಲ. ಮೇನ್ ಸ್ವಿಚ್ಚನ್ನು ಆರಿಸಿಯೇ ಫ್ಯೂಸನ್ನು ಮುಟ್ಟಬೇಕು. ದಾರಿಯಲ್ಲಿ ಹರಿದು ಬಿದ್ದ ತಂತಿ ಟಾರ್ಚಿನ ಬೆಳಕಿಗೆ ಕಂಡರೆ ದೂರ ನಿಂತು 1912ಕ್ಕೆ ತಿಳಿಸಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಆ ಕಾಲನ್ನೋ ಕೈಯನ್ನೋ ಅಲುಗದಂತಿರಿಸಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಬೇಕು.

ಲೀಥಿಯಂ ಸೆಲ್ಲನ್ನು ಬಹುಕಾಲ ಎತ್ತಿಡುವುದಾದರೆ ಅರ್ಧದಷ್ಟು ಚಾರ್ಜಿನಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು. ಬಿಸಿಲಿಗೆ ನಿಲ್ಲಿಸಿದ ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಡಬಾರದು. ಲೋಹದ ಟಾರ್ಚಿನ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ ಅನೇಕ ಮಾದರಿಗಳಲ್ಲಿ ಸಂಪರ್ಕ ತಪ್ಪಿ, ಚೀಲದಲ್ಲಿ ತಾನಾಗಿ ಹತ್ತಿಕೊಳ್ಳುವುದು ನಿಲ್ಲುತ್ತದೆ. ಉಬ್ಬಿದ ಸೆಲ್ಲನ್ನು ಚಾರ್ಜು ಮಾಡಬಾರದು, ಚುಚ್ಚಬಾರದು, ಒಲೆಗೆ ಅಥವಾ ತಿಪ್ಪೆಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರದು. ತಾಲ್ಲೂಕು ಕೇಂದ್ರಕ್ಕೆ ಹೋದಾಗ ತುದಿಗಳಿಗೆ ಟೇಪು ಸುತ್ತಿ, ಹಳೆಯ ಬ್ಯಾಟರಿ ತೆಗೆದುಕೊಳ್ಳುವ ಅಂಗಡಿಗೆ ಕೊಟ್ಟು ಬರಬಹುದು.