ಜೂಜಿನ ಪರವಾನಗಿಯೂ ಜನಾಭಿಪ್ರಾಯವೂ: ಕಡೂರು, ತರೀಕೆರೆ, ಅಜ್ಜಂಪುರಗಳ ದೃಷ್ಟಿಯಿಂದ ಒಂದು ವಿವೇಚನೆ

ಜೂಜನ್ನು ರಾಜ್ಯವು ಎರಡು ರೀತಿಯಲ್ಲಿ ಕಾಣಬಹುದು. ಅದನ್ನು ಅಪರಾಧವೆಂದೆಣಿಸಿ ದಂಡಿಸಬಹುದು. ಇಲ್ಲವೆ ಪರವಾನಗಿ ಕೊಟ್ಟು ಅದರಿಂದ ತೆರಿಗೆಯನ್ನು ಎತ್ತಬಹುದು. ಎರಡನೆಯ ಮಾರ್ಗವನ್ನು ಹಿಡಿದ ಸರ್ಕಾರವು ಆ ಆದಾಯಕ್ಕೆ ಬಹುಬೇಗ ಒಗ್ಗಿಕೊಳ್ಳುತ್ತದೆ. ಹಾಗಾದಮೇಲೆ, ಕೊಟ್ಟ ಪರವಾನಗಿಯನ್ನು ಹಿಂತೆಗೆಸುವ ಶಕ್ತಿ ಸಾಮಾನ್ಯ ಜನರಿಗೆ ಉಂಟೆ ಎಂಬುದೇ ಈ ಲೇಖನದಲ್ಲಿ ನಾವು ವಿವೇಚಿಸಹೊರಟಿರುವ ಪ್ರಶ್ನೆ.

ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕುಗಳು. ಅಡಕೆ, ಕೊಬ್ಬರಿ, ಈರುಳ್ಳಿಗಳ ಹಣ ರೈತನ ಕೈಗೆ ತಿಂಗಳು ತಿಂಗಳೂ ಬರುವುದಲ್ಲ; ಫಸಲು ಮಾರಿದಾಗ ಒಟ್ಟಾಗಿ ಬರುತ್ತದೆ. ಜೂಜಿಗೆ ಅನುಕೂಲವಾದ ಕಾಲವೂ ಅದೇ. ಯುಗಾದಿಯಲ್ಲಿ ಇಸ್ಪೀಟಾಡುವುದು ಹಳೆಯ ಮೈಸೂರು ಸೀಮೆಯಲ್ಲಿ ವಾಡಿಕೆಯಾದರೂ, ವಾಡಿಕೆ ಬೇರೆ, ಕಾಯಿದೆ ಬೇರೆ. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 78ರಿಂದ 80ರವರೆಗಿನ ಪ್ರಕರಣಗಳು ಮಟ್ಕಾ, ಜೂಜಿನ ಮನೆ ಇವನ್ನು ದಂಡನೀಯವೆನ್ನುತ್ತವೆ. ಕೇವಲ ಕೌಶಲದ ಆಟಗಳಿಗೆ 176ನೆಯ ಪ್ರಕರಣವು ವಿನಾಯಿತಿ ಕೊಡುತ್ತದೆ. ರಮ್ಮಿಯಾಟದಲ್ಲಿ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿತು. ಕ್ಲಬ್ಬುಗಳು ಬಳಸಿಕೊಳ್ಳುವ ಸಂದು ಇದೇ.

ಕಾಯಿದೆಯ ತಳಹದಿಯನ್ನು ಅರಿಯಲು ಮೈಸೂರು ಸಂಸ್ಥಾನಕ್ಕೆ ಸಂಬಂಧಿಸಿದ ಒಂದು ಮೊಕದ್ದಮೆಯನ್ನು ನೋಡಬೇಕು. 1950ರ ದಶಕದಲ್ಲಿ ಬೆಂಗಳೂರಿನಿಂದ ಹೊರಡುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯು ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಅದರ ಮೇಲೆ ಬೊಂಬಾಯಿ ಸರ್ಕಾರವು ತೆರಿಗೆಯನ್ನೂ ನಿಯಂತ್ರಣವನ್ನೂ ಹೇರಿದಾಗ ಪತ್ರಿಕೆಯವರು ನ್ಯಾಯಾಲಯಕ್ಕೆ ಹೋದರು. 1957ರಲ್ಲಿ ಸುಪ್ರೀಂ ಕೋರ್ಟು, ಋಗ್ವೇದ ಮಹಾಭಾರತಗಳ ಕಾಲದಿಂದಲೂ ಜೂಜು ನಿಂದ್ಯವೆನಿಸಿದೆಯೆಂದು ಸ್ಮರಿಸಿ, ಅದು ಸಂವಿಧಾನವು ರಕ್ಷಿಸುವ ವ್ಯಾಪಾರವಲ್ಲವೆಂದು ತೀರ್ಮಾನಿಸಿತು. ಇದರ ಫಲವೇನೆಂದರೆ, ಜೂಜಿಗೆ ಕೊಟ್ಟ ಅನುಮತಿಯನ್ನು ಶಾಸನಸಭೆ ರದ್ದುಮಾಡಿದರೆ, ವ್ಯಾಪಾರದ ಮೂಲಭೂತ ಹಕ್ಕು ಹೋಯಿತೆಂದು ಯಾರೂ ವಾದಿಸಲಾರರು. ‘ಪಣ ಮತ್ತು ಜೂಜು’ ಎಂಬ ವಿಷಯವೂ ರಾಜ್ಯಪಟ್ಟಿಯ 34ನೆಯ ಬಾಬಿನಲ್ಲಿದೆ. ಅಂದರೆ ಕಾಯಿದೆಯ ಅಡ್ಡಿ ಅಲ್ಪ. ಇರುವ ಅಡ್ಡಿ ಆದಾಯದ ಆಸೆ.

ಜನರೇ ನೇರವಾಗಿ ರದ್ದತಿಗೆ ಯತ್ನಿಸಿದ ಉದಾಹರಣೆ ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ್ದು. ಅಲ್ಲಿ 2011ರ ಕಾಯಿದೆಯು ಮೂರು ಕ್ಯಾಸಿನೋಗಳಿಗೂ ಒಂದು ಯಂತ್ರಜೂಜಿನ ಮನೆಗೂ ಅವಕಾಶ ಮಾಡಿತು. ಅದರ ರದ್ದತಿಯನ್ನು ಕೋರಿ ಸ್ವಯಂಸೇವಕರು ಸಹಿ ಸಂಗ್ರಹಿಸಿದರು. ಮೊದಲ ಹಂತದಲ್ಲಿಯೇ 68,911 ಸಹಿಗಳು ಬೇಕಾಗಿದ್ದುವು. ಅರ್ಜಿಯು ಊರ್ಜಿತವಲ್ಲವೆಂದು ರಾಜ್ಯದ ಅಟಾರ್ನಿ ಜನರಲ್ 2013ರಲ್ಲಿ ತಳ್ಳಿಹಾಕಿದರೆ, 2014ರ ಜೂನ್ ತಿಂಗಳಲ್ಲಿ ಅಲ್ಲಿನ ಉಚ್ಚತಮ ನ್ಯಾಯಾಲಯವು ಅದನ್ನು ಮತಕ್ಕೆ ಹಾಕಬಹುದೆಂದಿತು. ಆದರೆ ನವೆಂಬರಿನ ಮತದಾನದಲ್ಲಿ ಸುಮಾರು ನೂರಕ್ಕೆ 60 ಮಂದಿ ಕ್ಯಾಸಿನೋಗಳನ್ನು ಉಳಿಸಿಕೊಳ್ಳಬೇಕೆಂದರು. ಇದಕ್ಕೆ ಮೊದಲು, 2013ರಲ್ಲಿ, ಪಾಮರ್, ವೆಸ್ಟ್ ಸ್ಪ್ರಿಂಗ್‌ಫೀಲ್ಡ್, ಮಿಲ್‌ಫರ್ಡ್ ಮುಂತಾದ ಊರುಗಳ ಜನ ತಮ್ಮ ಊರಿಗೆ ಕ್ಯಾಸಿನೋ ಬೇಡವೆಂದು ಮತವಿತ್ತು ಗೆದ್ದಿದ್ದರು. ಊರಿನ ಮಟ್ಟದಲ್ಲಿ ಗೆಲ್ಲುವ ವಾದ ಇಡೀ ರಾಜ್ಯದ ಮಟ್ಟದಲ್ಲಿ ಸೋಲಬಹುದೆಂಬುದು ಇಲ್ಲಿ ಸ್ಪಷ್ಟ. ತನ್ನ ಮನೆಯ ಬಳಿ ಬರುವ ಹಾನಿಯನ್ನು ಮತದಾರನು ಕಾಣುತ್ತಾನೆ. ದೂರದ ಹಾನಿ ಅವನಿಗೆ ತೆರಿಗೆಯ ಲಾಭದಂತೆ ತೋರುತ್ತದೆ.

ನಮ್ಮ ದೇಶದಲ್ಲಿ ಕಾಯಿದೆಯನ್ನು ಜನಮತದಿಂದ ರದ್ದುಮಾಡುವ ವಿಧಾನವಿಲ್ಲ. ಒತ್ತಾಯ ಶಾಸಕರ ಮೂಲಕವೇ ಸಾಗಬೇಕು. ನೆರೆಯ ಗೋವೆಯಲ್ಲಿ 1976ರ ಜೂಜು ಕಾಯಿದೆಗೆ 1992ರಲ್ಲಿಯೂ ಅನಂತರವೂ ಆದ ತಿದ್ದುಪಡಿಗಳಿಂದ ಮೊದಲು ಪಂಚತಾರಾ ಹೋಟೆಲುಗಳ ಯಂತ್ರಜೂಜಿಗೂ ತರುವಾಯ ಹಡಗಿನ ಕ್ಯಾಸಿನೋಗಳಿಗೂ ಅವಕಾಶವಾಯಿತು. ಮಾಂಡವಿ ನದಿಯಿಂದ ಆ ಹಡಗುಗಳನ್ನು ತೆಗೆಸಬೇಕೆಂದು ನಾಗರಿಕರು ವರ್ಷಗಟ್ಟಲೆ ಚಳವಳಿ ನಡೆಸಿದರೂ, ಸರ್ಕಾರಗಳು ಭರವಸೆಯಿತ್ತು ಅವಧಿಯನ್ನು ಮುಂದುವರಿಸುತ್ತಲೇ ಬಂದುವು. ಇದಕ್ಕೆ ವಿರುದ್ಧವಾಗಿ ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. 1998ರ ಕೇಂದ್ರ ಕಾಯಿದೆಯು ಪರರಾಜ್ಯದ ಟಿಕೇಟುಗಳನ್ನು ತಡೆಯಲು ರಾಜ್ಯಕ್ಕೆ ಅಧಿಕಾರ ಕೊಟ್ಟಿತ್ತು. ಆದರೆ ತಾನೇ ಲಾಟರಿ ನಡೆಸುವ ರಾಜ್ಯ ಹಾಗೆ ತಡೆಯಲಾಗದೆಂದು ಸುಪ್ರೀಂ ಕೋರ್ಟು 1999ರಲ್ಲಿ ಹೇಳಿತ್ತು. ಆದುದರಿಂದ ಸ್ವಂತ ಆದಾಯವನ್ನು ಬಿಡದೆ ನಿಷೇಧ ಸಾಧ್ಯವಿರಲಿಲ್ಲ. ಕೂಲಿಯ ಹಣ ಉಳಿಯಿತೆಂಬುದು ಒಂದು ಕಡೆ. ಟಿಕೇಟು ಮಾರಿ ಜೀವಿಸುತ್ತಿದ್ದವರ ಜೀವನೋಪಾಯ ತಪ್ಪಿತೆಂಬುದು ಇನ್ನೊಂದು ಕಡೆ. ನ್ಯಾಯವಾದ ವಿವೇಚನೆ ಎರಡನ್ನೂ ತೂಗಬೇಕು.

ಗೆದ್ದ ಚಳವಳಿಯೂ ಸ್ಥಿರವಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ಹೆಂಗಸರು 1992ರಲ್ಲಿ ಸಾರಾಯಿಯ ವಿರುದ್ಧ ಎದ್ದರು. 1993ರಲ್ಲಿ ಸಾರಾಯಿಯೂ 1995ರಲ್ಲಿ ಎಲ್ಲ ಮದ್ಯವೂ ನಿಷಿದ್ಧವಾದುವು. ಆದರೆ ಬೊಕ್ಕಸದ ಕೊರತೆಯನ್ನು ಮುಂದಿಟ್ಟು ಪೂರ್ಣ ನಿಷೇಧವನ್ನು 1997ರಲ್ಲಿ ಸಡಿಲಿಸಲಾಯಿತು. ಬದಲಿ ಆದಾಯವೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿಲ್ಲದ ರದ್ದತಿ ಬಹುಕಾಲ ಬಾಳದು.

ಇಂದು ಜೂಜಿನ ಮನೆ ಅಂಗೈಯ ಮೊಬೈಲಿಗೆ ಬಂದಿದೆ. ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅಸಿಂಧುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೆಣಿಸದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಅಜ್ಜಂಪುರದ ಗ್ರಾಮಸಭೆಯೊಂದು ಊರಿನ ಅಡ್ಡೆಯ ವಿರುದ್ಧ ನಿರ್ಣಯ ಮಾಡಿ ಪೊಲೀಸರಿಗೆ ಒಪ್ಪಿಸಬಹುದು. ಮೊಬೈಲಿನೊಳಗಿನ ಅಡ್ಡೆಗೆ ಊರಿನ ಎಲ್ಲೆಯಿಲ್ಲ.

ಆದಕಾರಣ ಈ ಮೂರು ತಾಲ್ಲೂಕುಗಳ ಕಾಲೇಜುಗಳು ಮಾಡಬೇಕಾದ ಕೆಲಸ ಘೋಷಣೆಗಿಂತ ಮೊದಲು ಗಣನೆಯದು. ಫಸಲಿನ ತಿಂಗಳುಗಳಲ್ಲಿ ಕುಟುಂಬಗಳ ಸಾಲ ಹೇಗೆ ಏರುತ್ತದೆ, ಅದರಲ್ಲಿ ಜೂಜಿನ ಪಾಲೆಷ್ಟು, ದಾಖಲಾದ ಮೊಕದ್ದಮೆಗಳಲ್ಲಿ ಶಿಕ್ಷೆಯಾದುವೆಷ್ಟು ಎಂಬುದನ್ನು, ಹೆಸರುಗಳನ್ನು ಗೋಪ್ಯವಾಗಿಟ್ಟು, ವಿದ್ಯಾರ್ಥಿಗಳು ಸಂಗ್ರಹಿಸಬಹುದು. ಬೊಕ್ಕಸಕ್ಕೆ ಬರುವ ಹಣದ ಲೆಕ್ಕ ಸರ್ಕಾರದ ಬಳಿ ಸದಾ ಸಿದ್ಧವಾಗಿರುತ್ತದೆ. ಮನೆಗಳಿಂದ ಹೋಗುವ ಹಣದ ಲೆಕ್ಕವನ್ನು ಜನರೇ ಇಡಬೇಕು. ಆ ಲೆಕ್ಕವನ್ನು ಕೈಯಲ್ಲಿ ಹಿಡಿದ ಮನವಿಗೆ ಶಾಸಕರು ಉತ್ತರ ಹೇಳಲೇಬೇಕಾಗುತ್ತದೆ.