ಆಪ್ತಸಮಾಲೋಚಕರ ತರಬೇತಿ: ಜನರ ನಂಬಿಕೆ ಮತ್ತು ವಾಸ್ತವ

ಆಪ್ತಸಮಾಲೋಚಕ, ಅಂದರೆ ಜನರ ಬಾಯಲ್ಲಿ ಕೌನ್ಸೆಲರ್, ಎಂಬ ಹೆಸರು ಒಂದೇ. ಆ ಹೆಸರಿನಡಿ ಕೆಲಸ ಮಾಡುವವರು ಮಾತ್ರ ಹಲವು ಬಗೆಯವರು. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆಗೆ ಮುಂಚೆ ಮತ್ತು ಆಮೇಲೆ ಮಾತನಾಡಿಸುವವರು, ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ನವರು, ಯುವಸ್ಪಂದನದ ಯುವ ಪರಿವರ್ತಕರು, ಸಿಬಿಎಸ್‌ಇ ಶಾಲೆಯ ಕೌನ್ಸೆಲರ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದ ಕ್ಲಿನಿಕಲ್ ಸೈಕಾಲಜಿಸ್ಟ್ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತ: ವಿಜಯಪುರ ಜಿಲ್ಲೆಯ ಹೊರ್ತಿಯ ತಾಯಿಯೊಬ್ಬಳಿಗೆ ಇವರೆಲ್ಲ ಕೌನ್ಸೆಲರ್ ಮೇಡಮ್ಮು ಇಲ್ಲವೇ ಕೌನ್ಸೆಲರ್ ಸರ್. ಇವರಲ್ಲಿ ಕೆಲವರು ಕೆಲವೇ ದಿನಗಳ ತರಬೇತಿ ಪಡೆದವರು, ಕೆಲವರು ಪದವಿಯ ಮೇಲೆ ಇನ್ನೂ ನಾಲ್ಕು ವರ್ಷ ಓದಿದವರು. ಈ ವೃತ್ತಿಯ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಈ ಒಂದೇ ಹೆಸರಿನ ಗೊಂದಲದಿಂದ ಹುಟ್ಟಿದವು.

ಮೊದಲ ನಂಬಿಕೆ ಎಲ್ಲಕ್ಕಿಂತ ಹಳೆಯದು: ನಾಲ್ಕು ಒಳ್ಳೆಯ ಮಾತು ಹೇಳಲು ಬಂದರೆ ಸಾಕು, ಅದಕ್ಕೆ ಎಂ.ಎ. ಯಾಕೆ? ಊರ ಕಟ್ಟೆಯ ಹಿರಿಯರು, ಮಠದ ಸ್ವಾಮಿಗಳು, ಸೋದರಮಾವ ಎಲ್ಲರೂ ತಲೆತಲಾಂತರದಿಂದ ಬುದ್ಧಿ ಹೇಳಿಕೊಂಡೇ ಬಂದಿದ್ದಾರೆ. ಆ ಬುದ್ಧಿಮಾತಿಗೆ ಅದರದೇ ಬೆಲೆ ಇದೆ. ಆದರೆ ಆಪ್ತಸಮಾಲೋಚನೆ ಬುದ್ಧಿಮಾತಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಹೋದ ಹುಡುಗ ಎದುರಿಗೆ ಕುಳಿತರೆ ಹಿರಿಯರ ಬಾಯಿಂದ ಮೊದಲು ಬರುವ ಮಾತು ‘ಅದಕ್ಯಾಕ ಅಳತಿ, ಮತ್ತ ಕಟ್ಟು’ ಎಂಬುದು. ಅಕ್ಕರೆಯ ಮಾತೇ ಹೌದು. ಆದರೆ ಆ ಹುಡುಗ ಅಳುತ್ತಿರುವುದು ಗಣಿತಕ್ಕೋ, ಮನೆಯಲ್ಲಿ ಬೀಳುವ ಹೊಡೆತಕ್ಕೋ, ಅಪ್ಪ ಅವ್ವ ಗುಳೆ ಹೋಗಿ ಅಜ್ಜಿಯ ಜೊತೆ ಒಬ್ಬನೇ ಉಳಿದದ್ದಕ್ಕೋ ಎಂಬುದು ಆ ಮಾತಿನಿಂದ ಗೊತ್ತಾಗುವುದಿಲ್ಲ, ಮುಚ್ಚಿಹೋಗುತ್ತದೆ. ಸ್ನಾತಕೋತ್ತರ ತರಬೇತಿಯ ದೊಡ್ಡ ಭಾಗ ಮಾತಾಡಲು ಕಲಿಸುವುದಲ್ಲ, ತುಟಿಗೆ ಬಂದ ಸಲಹೆಯನ್ನು ತಡೆಹಿಡಿಯಲು ಕಲಿಸುವುದು. ಪ್ರಶ್ನೆಯನ್ನು ಹೇಗೆ ಕೇಳಬೇಕು, ಮೌನವನ್ನು ಎಷ್ಟು ಹೊತ್ತು ಬಿಡಬೇಕು, ಸಾಯುವ ಯೋಚನೆ ಇದೆಯೇ ಎಂದು ಅಂಜದೆ ನೇರವಾಗಿ ಹೇಗೆ ಕೇಳಬೇಕು, ಯಾವಾಗ ತನ್ನಿಂದಾಗದು ಎಂದು ಮನೋವೈದ್ಯರ ಕಡೆ ಕಳಿಸಬೇಕು, ಇವೆಲ್ಲ ಪುಸ್ತಕ ಓದಿ ಬರುವ ವಿದ್ಯೆಗಳಲ್ಲ.

ಹಾಗಾಗಿ ತರಬೇತಿಯ ಜೀವಾಳ ಮೇಲ್ವಿಚಾರಣೆಯಲ್ಲಿದೆ. ಕಲಿಯುವವರು ನಿಜವಾದ ವ್ಯಕ್ತಿಗಳ ಜೊತೆ ಕೂರುತ್ತಾರೆ. ಆಡಿದ ಮಾತನ್ನು ಬರೆದು ಅಥವಾ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಅನುಭವಿಗಳ ಮುಂದಿಡುತ್ತಾರೆ. ಎಲ್ಲಿ ಅವಸರಪಟ್ಟರು, ಎಲ್ಲಿ ಕಿವುಡಾದರು ಎಂಬುದು ಸಾಲುಸಾಲಾಗಿ ವಿಮರ್ಶೆಗೆ ಬರುತ್ತದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ 1942ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಇಡೀ ಪ್ರಕರಣದ ಧ್ವನಿಮುದ್ರಿತ ಸಂಭಾಷಣೆಯನ್ನು ಅಕ್ಷರಕ್ಕಿಳಿಸಿ ಕೊಟ್ಟ ಮೇಲೆ ಈ ಪದ್ಧತಿ ಬಲವಾಗಿ ಬೇರೂರಿತು. ಅಮೆರಿಕದಲ್ಲಿ ಶಾಲಾ ಕೌನ್ಸೆಲರ್ ಆಗಲಿ, ಮಾನಸಿಕ ಆರೋಗ್ಯದ ಕೌನ್ಸೆಲರ್ ಆಗಲಿ, ಮಾನ್ಯತೆ ಪಡೆದ ಸ್ನಾತಕೋತ್ತರ ಕೋರ್ಸಿನಲ್ಲಿ ಕನಿಷ್ಠ 100 ಗಂಟೆಗಳ ಪ್ರಾಯೋಗಿಕ ಅಭ್ಯಾಸ, ಅದರ ಮೇಲೆ 600 ಗಂಟೆಗಳ ಇಂಟರ್ನ್‌ಶಿಪ್ ಮುಗಿಸಬೇಕು. ಆ 600ರಲ್ಲಿ 240 ಗಂಟೆ ಜನರ ಎದುರು ಕುಳಿತೇ ಕಳೆಯಬೇಕು. ಅಂಕಪಟ್ಟಿಯಷ್ಟೇ ಗಂಟೆಗಳ ಲೆಕ್ಕವೂ ಅಲ್ಲಿ ಮುಖ್ಯ.

ಹಾಗೆಂದು ಪದವಿ ಇಲ್ಲದವರು ಈ ಕೆಲಸಕ್ಕೆ ಕೈಹಾಕಲೇಬಾರದು ಎಂಬುದು ಇನ್ನೊಂದು ತುದಿಯ ತಪ್ಪು. ಗೋವಾದಲ್ಲಿ ನಡೆದು 2010ರಲ್ಲಿ ಫಲಿತಾಂಶ ಪ್ರಕಟವಾದ ‘ಮಾನಸ್’ ಅಧ್ಯಯನದಲ್ಲಿ ವೈದ್ಯರಲ್ಲದ, ಮನಃಶಾಸ್ತ್ರವನ್ನೂ ಓದದ ಸ್ಥಳೀಯರು ಖಿನ್ನತೆ, ಆತಂಕ ಇದ್ದವರಿಗೆ ಸಮಾಲೋಚನೆ ನೀಡಿದರು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದರ ಫಲ ಕಂಡಿತು. ಕರ್ನಾಟಕದಲ್ಲಿ ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವಸ್ಪಂದನದ ಹಿಂದಿರುವುದೂ ಇದೇ ಬಗೆಯ ಆಲೋಚನೆ. ಆದರೆ ಇಂಥ ಕಡೆಗಳಲ್ಲಿ ಜನರನ್ನು ಆಯ್ದು, ಕಲಿಸಿ, ಕೆಲಸಕ್ಕೆ ಗಡಿ ಹಾಕಿ, ಮೇಲೆ ಕಣ್ಣಿಡಲು ತಜ್ಞರನ್ನು ಇಟ್ಟಿರುತ್ತಾರೆ. ಆ ಕಣ್ಣು ಇಲ್ಲದೆ ಎರಡು ದಿನದ ಶಿಬಿರ ಮುಗಿಸಿ, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದು ಬೇರೆಯೇ ವ್ಯವಹಾರ.

ಶಾಲೆಯ ಮಟ್ಟಿಗೆ ಬಂದರೆ, ಬಿ.ಇಡಿ. ಮಾಡಿದ ಮಾಸ್ತರರು ಮನಃಶಾಸ್ತ್ರ ಓದಿಯೇ ಇರುತ್ತಾರೆ, ಅವರೇ ಕೌನ್ಸೆಲರ್ ಆಗಲಿ ಎಂಬ ವಾದ ಸಿಂದಗಿಯಿಂದ ಮುದ್ದೇಬಿಹಾಳದವರೆಗೆ ಯಾವ ಸಭೆಯಲ್ಲೂ ಕೇಳಬಹುದು. ಬಿ.ಇಡಿ.ಯಲ್ಲಿ ಮಗುವಿನ ಬೆಳವಣಿಗೆ, ಕಲಿಕೆಯ ಬಗ್ಗೆ ಪತ್ರಿಕೆಗಳಿರುವುದು ನಿಜ. ಆದರೆ ಅವು ಪಾಠ ಮಾಡುವವರಿಗಾಗಿ ಇರುವಂಥವು. ಇದಕ್ಕಿಂತ ದೊಡ್ಡ ತೊಡಕು ಸ್ಥಾನದ್ದು: ಯಾರ ಕೈಯಲ್ಲಿ ಅಂಕ, ಹಾಜರಿ, ಶಿಸ್ತು ಇದೆಯೋ ಅವರ ಮುಂದೆ ಮಗು ಮನಸ್ಸು ಬಿಚ್ಚುವುದು ಕಷ್ಟ. ಬಿಹಾರದ ನಳಂದ ಜಿಲ್ಲೆಯ ಸರಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹೆರ್’ ಅಧ್ಯಯನದಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಹೊರಗಿನಿಂದ ಬಂದ, ತರಬೇತಿ ಪಡೆದ ಸಮಾಲೋಚಕರ ಕೈಗೂ ಇನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರ ಕೈಗೂ ಕೊಟ್ಟು ನೋಡಿದರು. ಸಮಾಲೋಚಕರಿದ್ದ ಕಡೆ ಶಾಲೆಯ ವಾತಾವರಣ ಗಣನೀಯವಾಗಿ ಸುಧಾರಿಸಿತು. ಶಿಕ್ಷಕರಿಗೆ ವಹಿಸಿದ ಕಡೆ ಹಾಗಾಗಲಿಲ್ಲ.

ಇದರಿಂದ ಶಿಕ್ಷಕರು ನಿರುಪಯುಕ್ತರು ಎಂದೇನೂ ಆಗದು. ಮಗುವಿನಲ್ಲಿ ಏನೋ ಬದಲಾಗಿದೆ ಎಂದು ಎಲ್ಲರಿಗಿಂತ ಮೊದಲು ಕಾಣುವುದು ಅವರಿಗೇ. ನಿಮ್ಹಾನ್ಸ್‌ನ ಮಾಳವಿಕಾ ಕಪೂರ್ ಶಾಲಾ ಮಾನಸಿಕ ಆರೋಗ್ಯದ ಕೆಲಸದಲ್ಲಿ ಶಿಕ್ಷಕರನ್ನೇ ನೆಚ್ಚಿಕೊಂಡರು. ಮುಂದೆ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಜೀವನ ಕೌಶಲಗಳ ಶಿಕ್ಷಣವನ್ನು ಶಿಕ್ಷಕರ ಮೂಲಕವೇ ತರಗತಿಗೆ ಒಯ್ದರು. ಕೋಪ ಬಂದಾಗ ಏನು ಮಾಡಬೇಕು, ಗೆಳೆಯರಿಗೆ ಬೇಡ ಎನ್ನುವುದು ಹೇಗೆ ಎಂದು ಇಡೀ ವರ್ಗಕ್ಕೆ ಕಲಿಸುವುದು ಶಿಕ್ಷಕರಿಂದ ಆಗುವ ಕೆಲಸ. ರಾತ್ರಿ ನಿದ್ದೆ ಬಾರದ, ತನಗೆ ತಾನೇ ಗಾಯ ಮಾಡಿಕೊಳ್ಳುವ ಒಂದು ಮಗುವಿನ ಜೊತೆ ವಾರವಾರ ಕೂರುವುದು ಅದಲ್ಲ. ಶಿಕ್ಷಕರು ಈ ಎರಡನೆಯ ಕೆಲಸಕ್ಕೂ ಬರಬೇಕೆಂದರೆ ದಾರಿ ಇದೆ: ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಒಂದು ವರ್ಷದ ಡಿಪ್ಲೊಮಾ. ಅದರ ಅಧ್ಯಯನ ಕೇಂದ್ರಗಳಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು. ಆರು ತಿಂಗಳು ಮನೆಯಿಂದ ಓದು, ಮೂರು ತಿಂಗಳು ಮುಖಾಮುಖಿ ಪಾಠ, ಮೂರು ತಿಂಗಳು ಶಾಲೆಯಲ್ಲೇ ಅಭ್ಯಾಸ ಎಂಬ ಅದರ ರಚನೆ ಕೆಲಸದಲ್ಲಿರುವ ಶಿಕ್ಷಕರಿಗೆ ಹೊಂದುತ್ತದೆ.

ಎಂ.ಎ. ಮನಃಶಾಸ್ತ್ರ ಮುಗಿದ ದಿನವೇ ‘ಸೈಕಾಲಜಿಸ್ಟ್’ ಫಲಕ ಹಾಕಬಹುದು ಎಂಬುದು ಓದಿದವರಲ್ಲೇ ಹೆಚ್ಚಾಗಿರುವ ತಪ್ಪು ಕಲ್ಪನೆ. ಮನಃಶಾಸ್ತ್ರದ ಓದು ಕನ್ನಡ ನಾಡಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ವಿಭಾಗ ಶುರುವಾಯಿತು; ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ಇಂದು ಜನ ನೆನೆಯುವುದು ಮಾತ್ರ 1935ರಲ್ಲಿ ಅವರು ಮನೆಯಿಂದ ಆರಂಭಿಸಿದ ಆಕಾಶವಾಣಿಗಾಗಿ. ಆದರೆ ಎಂ.ಎ. ಕಲಿಸುವುದು ವಿಷಯವನ್ನು; ವೃತ್ತಿಯ ಅಭ್ಯಾಸ ಅದರಲ್ಲಿ ಎಷ್ಟಿರುತ್ತದೆ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಅರ್ಹತೆ ಬೇಕು, ಇಲ್ಲವೇ ಎಂ.ಎ. ನಂತರ ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿ ಒಳಗೊಂಡ ಎರಡು ವರ್ಷ ಪೂರ್ಣಾವಧಿಯ ಎಂ.ಫಿಲ್. ಬೇಕು. ಈ ಬಗೆಯ ತರಬೇತಿಗೆ ದೇಶದಲ್ಲಿ ಬುನಾದಿ ಹಾಕಿದ್ದು ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿ, 1974ರಲ್ಲಿ ನಿಮ್ಹಾನ್ಸ್‌ನಲ್ಲಿ ವಿಲೀನವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ. ಉತ್ತರ ಕರ್ನಾಟಕಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತಾದರೂ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯದ ಪ್ರವೇಶಕ್ಕೆ 2025-26ರ ವರೆಗೆ ವಿನಾಯಿತಿ ಕೊಟ್ಟಿತು. ಹಾಗಾಗಿ ಅಣ್ಣನೋ ಅಕ್ಕನೋ ಹತ್ತು ವರ್ಷದ ಹಿಂದೆ ಹಿಡಿದ ದಾರಿಯನ್ನೇ ನೆಚ್ಚದೆ, ಪರಿಷತ್ತು ಈಗ ಯಾವ ಕೋರ್ಸನ್ನು, ಯಾವ ಸಂಸ್ಥೆಯಲ್ಲಿ ಮಾನ್ಯ ಮಾಡಿದೆ ಎಂದು ನೋಡಿಕೊಂಡೇ ಅರ್ಜಿ ಹಾಕಬೇಕು.

ಇತ್ತ ‘ಕೌನ್ಸೆಲರ್’ ಎಂಬ ಹೆಸರಿಗೆ ದೇಶದಲ್ಲಿ ಬಹುಕಾಲ ಇಂಥ ಬೇಲಿಯೇ ಇರಲಿಲ್ಲ. 2021ರ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಮನೋವಿಜ್ಞಾನಿ, ಎಚ್‌ಐವಿ ಹಾಗೂ ಕುಟುಂಬ ಯೋಜನೆಯ ಕೌನ್ಸೆಲರ್, ವೈದ್ಯಕೀಯ ಸಮಾಜ ಕಾರ್ಯಕರ್ತ ಮುಂತಾದವರನ್ನು ವರ್ತನಾ ಆರೋಗ್ಯ ವಿಜ್ಞಾನದ ವೃತ್ತಿಪರರು ಎಂಬ ಗುಂಪಿಗೆ ಸೇರಿಸಿ ಬೇಲಿಯ ಮೊದಲ ಗೂಟ ನೆಟ್ಟಿದೆ.

ಆ ಗೂಟದ ನೆರಳು ವಿಜಯಪುರದ ಮೇಲೂ ಬಿದ್ದಿದೆ. ಮನೆಯಲ್ಲಿ ಕುಳಿತು ಅಂಚೆ ಶಿಕ್ಷಣದಲ್ಲಿ ಎಂ.ಎ. ಮಾಡಿಕೊಂಡರಾಯಿತು ಎಂಬ ನಂಬಿಕೆ ಇಲ್ಲಿ ಬಲವಾಗಿತ್ತು. ಇಗ್ನೊ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇರುವುದರಿಂದ ಅದು ಆಧಾರವಿಲ್ಲದ ನಂಬಿಕೆಯೂ ಆಗಿರಲಿಲ್ಲ. ಆದರೆ ಆ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳನ್ನು, ಮನಃಶಾಸ್ತ್ರವೂ ಸೇರಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಮೂಲಕ ನೀಡಬಾರದು ಎಂದು ಯುಜಿಸಿ ಹೇಳಿದೆ. ಕಾರಣ ನ್ಯಾಯವಾದದ್ದೇ: ಈಜನ್ನು ಪತ್ರದ ಮೂಲಕ ಕಲಿಸಲಾಗದು. ಪೆಟ್ಟು ಬೀಳುವುದು ಮಾತ್ರ ಇಂಡಿ, ಸಿಂದಗಿಯ ಹಳ್ಳಿಗಳಲ್ಲಿ ಮನೆ ಬಿಟ್ಟು ಧಾರವಾಡಕ್ಕೋ ಬೆಂಗಳೂರಿಗೋ ಹೋಗಲಾರದ ಹೆಣ್ಣುಮಕ್ಕಳಿಗೆ. ಅವರಿಗೆ ಹತ್ತಿರದಲ್ಲಿ ಉಳಿಯುವ ದಾರಿ ಸಮಾಜ ಕಾರ್ಯದ್ದು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌.ಡಬ್ಲ್ಯೂ. ಓದಬಹುದು. ಕೌನ್ಸೆಲಿಂಗ್ ಎಂದರೆ ಮನಃಶಾಸ್ತ್ರವೊಂದೇ ಎಂದುಕೊಂಡವರು ಈ ಬಾಗಿಲನ್ನು ನೋಡುವುದೇ ಇಲ್ಲ. ಕ್ಷೇತ್ರಕಾರ್ಯ ಸಮಾಜ ಕಾರ್ಯದ ಓದಿನ ಮೊದಲ ಸೆಮಿಸ್ಟರಿನಿಂದಲೇ ಇರುತ್ತದೆ ಎಂಬುದು ಅದರ ಬಲ.

ಕೌನ್ಸೆಲರ್ ಗುಳಿಗೆ ಬರೆದುಕೊಡುತ್ತಾರೆ ಎಂಬುದು ಸುಳ್ಳು. ಔಷಧಿ ಬರೆಯುವವರು ಮನೋವೈದ್ಯರು, ಅಂದರೆ ಎಂ.ಬಿ.ಬಿ.ಎಸ್. ಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಕೌನ್ಸೆಲರ್ ಬಳಿ ಹೋದವರು ತಲೆ ಕೆಟ್ಟವರು ಎಂಬುದಕ್ಕೂ ಅಷ್ಟೇ ಬೆಲೆ. ‘ಧಾರವಾಡಕ್ಕ ಕಳಸಬೇಕು’ ಎಂಬ ಕುಹಕ ಈ ಭಾಗದಲ್ಲಿ ಇನ್ನೂ ಸತ್ತಿಲ್ಲ, ಆದರೆ ಶಾಲಾ ಕೌನ್ಸೆಲರ್ ಮುಂದೆ ಬರುವುದು ಬಹುಪಾಲು ಪರೀಕ್ಷೆಯ ಅಂಜಿಕೆ, ಗೆಳೆತನದ ಜಗಳ, ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂಬ ಗೊಂದಲ. ಶಾಲೆಗೆ ಕೌನ್ಸೆಲರ್ ಪೇಟೆಯ ಶೋಕಿ ಎನ್ನುವ ಮಾತಿಗೂ ಈಗ ಕಾನೂನಿನ ಬಲವಿಲ್ಲ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಮಾರ್ಗಸೂಚಿ ಕೊಟ್ಟು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿಯುಳ್ಳ ಒಬ್ಬ ಕೌನ್ಸೆಲರ್, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತರಾದರೂ ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದಿದೆ.

ಗುಟ್ಟಿನ ವಿಷಯದಲ್ಲಿ ಎರಡು ವಿರುದ್ಧ ನಂಬಿಕೆಗಳಿವೆ. ಹೇಳಿದ್ದೆಲ್ಲ ಹೆಡ್‌ಮಾಸ್ತರರ ಕಿವಿಗೆ ಹೋಗುತ್ತದೆ ಎಂದು ಮಕ್ಕಳು ಅಂಜುತ್ತಾರೆ. ಕೌನ್ಸೆಲರ್ ಯಾರಿಗೂ ಏನೂ ಹೇಳುವಂತಿಲ್ಲ ಎಂದು ದೊಡ್ಡವರು ತಿಳಿದಿರುತ್ತಾರೆ. ಸಾಮಾನ್ಯ ನಿಯಮ ಗೋಪ್ಯತೆಯೇ. ಆದರೆ ಪ್ರಾಣಕ್ಕೆ ಅಪಾಯ ಕಂಡಾಗ ಅದನ್ನು ಮುರಿಯಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ನಿನಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ 21ನೇ ಸೆಕ್ಷನ್ನಿನಡಿ ಶಿಕ್ಷೆ. ಒಂಬತ್ತನೇ ತರಗತಿಯ ಹುಡುಗಿ ಬೇಸಿಗೆಯಲ್ಲಿ ತನ್ನ ಮದುವೆ ಎಂದು ಹೇಳಿದರೆ ಕೌನ್ಸೆಲರ್ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು ದ್ರೋಹವಲ್ಲ. ಒಳ್ಳೆಯ ತರಬೇತಿ ಪಡೆದವರು ಈ ಎಲ್ಲೆಯನ್ನು ಮೊದಲ ಭೇಟಿಯಲ್ಲೇ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿಬಿಡುತ್ತಾರೆ, ಆಮೇಲೆ ಅಲ್ಲ.

ಇನ್ನೊಂದು ನಂಬಿಕೆ ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕನ್ನಡ ಮಾಧ್ಯಮದ ಪದವೀಧರರನ್ನು ಈ ಓದಿನಿಂದ ದೂರ ಇಟ್ಟಿದೆ: ಇಂಗ್ಲಿಷ್ ಚೆನ್ನಾಗಿ ಬಾರದವರಿಗೆ ಈ ವೃತ್ತಿ ಅಲ್ಲ. ಪಠ್ಯಗಳು ಬಹಳಷ್ಟು ಇಂಗ್ಲಿಷಿನಲ್ಲಿವೆ ನಿಜ, ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಕನ್ನಡದಲ್ಲಿ ಬರೆದ ರಾಶಿ ಪುಸ್ತಕಗಳೂ ಇವೆ. ಆದರೆ ಎದುರಿಗೆ ಕುಳಿತವರ ನೋವು ಇಂಗ್ಲಿಷಿನಲ್ಲಿ ಬರುವುದಿಲ್ಲ. ‘ಆರಾಮಿಲ್ಲ’ ಎಂಬ ಒಂದೇ ಮಾತು ಈ ಸೀಮೆಯಲ್ಲಿ ಜ್ವರಕ್ಕೂ ಸಲ್ಲುತ್ತದೆ, ಮನಸ್ಸಿನ ಕುಸಿತಕ್ಕೂ ಸಲ್ಲುತ್ತದೆ. ‘ಬ್ಯಾಸರಾಗೇತಿ’ ಎಂದರೆ ಹೊತ್ತು ಹೋಗುತ್ತಿಲ್ಲ ಎಂದೂ ಆಗಬಹುದು, ಬದುಕೇ ಸಾಕಾಗಿದೆ ಎಂದೂ ಆಗಬಹುದು. ‘ಎದಿ ಧಸಕ್ ಅಂತೈತಿ’, ‘ಹೊಟ್ಟ್ಯಾಗ ಸಂಕಟ’ ಎನ್ನುವ ಹೆಂಗಸು ಮೊದಲು ಹೋಗುವುದು ಹೊಟ್ಟೆಯ ಡಾಕ್ಟರ ಹತ್ತಿರ. ಅದರ ಹಿಂದೆ ಆತಂಕ ಇದ್ದೀತೆಂದು ಅನುಮಾನಿಸಲು ಆ ಮಾತಿನ ಧಾಟಿ ಗೊತ್ತಿರಬೇಕು. ತರಬೇತಿಯಲ್ಲಿ ಬಂದವರ ದೂರನ್ನು ಅವರದೇ ಶಬ್ದಗಳಲ್ಲಿ ಬರೆದುಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹೊರ್ತಿಯಿಂದ ಕರೆ ಮಾಡಿ ಕನ್ನಡ ಆಯ್ದುಕೊಂಡರೆ ಉತ್ತರಿಸುವವರು ಮಂಡ್ಯದವರೂ ಇರಬಹುದು, ಮಂಗಳೂರಿನವರೂ ಇರಬಹುದು. ‘ಬ್ಯಾಸರಾಗೇತ್ರಿ’ ಎಂಬ ಮಾತು ಕೇಳಿ ಅವರು ಸಿನಿಮಾ ನೋಡಿ, ನಾಲ್ಕು ಜನರ ಜೊತೆ ಬೆರೆಯಿರಿ ಎನ್ನಲೂಬಹುದು, ‘ಎಷ್ಟು ದಿನದಿಂದ? ಊಟ, ನಿದ್ದೆ ಹೇಗಿದೆ? ಬದುಕು ಬೇಡ ಅನ್ನಿಸುತ್ತದೆಯೇ?’ ಎಂದು ಕೇಳಲೂಬಹುದು. ತರಬೇತಿ ಎಂಬುದು ಆ ಎರಡನೆಯ ಉತ್ತರದಲ್ಲಿದೆ.