ನೋವಿಗೆ ನಾಯಿಯ ಜೊತೆ
ಬೆನ್ನುನೋವು, ಕೀಲುನೋವು ವರ್ಷಗಟ್ಟಲೆ ಕಾಡಿದರೆ ಜನ ಓಡಾಟವನ್ನೇ ಕಡಿಮೆ ಮಾಡುತ್ತಾರೆ. ಕೂತಷ್ಟೂ ಸ್ನಾಯುಗಳು ಸೊರಗಿ, ಕೀಲುಗಳು ಬಿಗಿದು, ನೋವು ಇನ್ನಷ್ಟು ಹೆಚ್ಚುತ್ತದೆ. ವೈದ್ಯರು ಹೇಳಿದ ವ್ಯಾಯಾಮವನ್ನು ನಾಳೆಗೆ ತಳ್ಳಬಹುದು. ಬಾಗಿಲ ಬಳಿ ಬಾಲ ಅಲ್ಲಾಡಿಸುತ್ತ ನಿಂತ ನಾಯಿಯನ್ನು ತಳ್ಳುವುದು ಕಷ್ಟ! ಹೀಗೆ ದಿನಕ್ಕೆರಡು ಬಾರಿಯಾದರೂ ನಡಿಗೆ ತಪ್ಪುವುದಿಲ್ಲ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಡಾನ್ ಮಾರ್ಕಸ್ ಮತ್ತು ಸಂಗಡಿಗರು ನಡಿಗೆಯಷ್ಟೇ ಅಲ್ಲ, ನಾಯಿಯ ಸಾಮೀಪ್ಯವೂ ನೋವು ತಗ್ಗಿಸುತ್ತದೆಯೇ ಎಂದು ನೋವು ಚಿಕಿತ್ಸಾಲಯವೊಂದರಲ್ಲಿ ಅಧ್ಯಯನ ನಡೆಸಿ, 2012ರಲ್ಲಿ ಪ್ರಕಟಿಸಿದರು. ತರಬೇತಾದ ನಾಯಿಯೊಡನೆ ಕೆಲ ನಿಮಿಷ ಕಳೆದ ರೋಗಿಗಳಲ್ಲಿ ಶೇ 23ರಷ್ಟು ಮಂದಿಗೆ ನೋವು ಗಮನಾರ್ಹವಾಗಿ ತಗ್ಗಿತ್ತು. ನಾಯಿಯಿಲ್ಲದೆ ಸುಮ್ಮನೆ ಸರದಿ ಕಾದವರಲ್ಲಿ ಈ ಪ್ರಮಾಣ ಶೇ 4 ಮಾತ್ರ. ಈ ನೆಮ್ಮದಿಯ ಹಿಂದೆ ಬಾಂಧವ್ಯವೂ ಇರಬಹುದು: ನಾಯಿ ಮತ್ತು ಒಡೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಬಾಂಧವ್ಯದ ಹಾರ್ಮೋನಾದ ಆಕ್ಸಿಟೋಸಿನ್ ಇಬ್ಬರಲ್ಲೂ ಹೆಚ್ಚುತ್ತದೆ ಎಂದು 2015ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು.